ಗುಡ್ಡ ಇಳಿದ ಬಗೆ

ಗುಡ್ಡ ಹತ್ತುವುದು ಕಷ್ಟ, ಇಳಿಯುವುದು ಸುಲಭ ಎನ್ನುವವರು ಗುಡ್ಡವನ್ನು ದೂರದಿಂದ ನೋಡಿದವರು. ಮೊನ್ನೆ ಡಿಸೆಂಬರಿನವರೆಗೆ ನಾನೂ ಅವರಲ್ಲೊಬ್ಬನಾಗಿದ್ದೆ. ಹಳಿಯಾಳದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವ ನಾನು ಗುಡ್ಡಗಳ ಎತ್ತರವನ್ನು ಬೋರ್ಡಿನ ಮೇಲೆಯೇ ಕಂಡುಹಿಡಿಯುತ್ತಿದ್ದೆ. ಹತ್ತುವ ಪ್ರಸಂಗ ಬಂದಿರಲಿಲ್ಲ. ಎತ್ತರವೆಂದರೆ ನನಗೆ ಭಯ ಎಂಬುದು ಹೆಂಡತಿಯೊಬ್ಬಳಿಗೇ ಗೊತ್ತು. ಮನೆಯಲ್ಲಿ ಬಲ್ಬ್ ಬದಲಿಸಲು ಸ್ಟೂಲು ಹತ್ತುವವಳು ಅವಳು. ಕೆಳಗೆ ಸ್ಟೂಲು ಹಿಡಿದು ಸಲಹೆ ಕೊಡುವವನು ನಾನು.

ಒಂಬತ್ತನೆಯ ತರಗತಿಯವರನ್ನು ಜೋಯಿಡಾ ಕಡೆಯ ಗುಡ್ಡಕ್ಕೆ ಕರೆದೊಯ್ಯಲು ಹೆಡ್‌ಮಿಸ್ ಕೇಳಿದಾಗ ನಿಜ ಹೇಳಬಹುದಿತ್ತು. ಆದರೆ ಪಕ್ಕದಲ್ಲಿದ್ದ ಪಿ.ಟಿ. ಮಾಸ್ತರರು, "ಸರ್‌ಗೆ ಅದು ಆಗೂದಿಲ್ಲ ಬಿಡ್ರಿ" ಎಂದರು. "ಯಾಕ ಆಗೂದಿಲ್ಲ? ಸಣ್ಣಾಂವ ಇದ್ದಾಗ ದಿನಾ ಗುಡ್ಡ ಹತ್ತತಿದ್ದೆ" ಎಂದುಬಿಟ್ಟೆ. ನಾನು ಹುಟ್ಟಿದ ಊರಿನಲ್ಲಿ ಅತಿ ಎತ್ತರದ್ದೆಂದರೆ ಹುಲ್ಲಿನ ಬಣವೆ.

ರಾತ್ರಿ ಗಣೇಶಗುಡಿಯಲ್ಲಿ ತಂಗಿ ಬೆಳಿಗ್ಗೆ ಹೊರಟೆವು. ಮುಂದೆ ಫಾರೆಸ್ಟ್ ಗಾರ್ಡ್, ನಡುವೆ ಹಿಂದಿ ಟೀಚರ್ ಮತ್ತು ಮೂವತ್ತು ಮಕ್ಕಳು, ಹಿಂದೆ ನಾನು. ಹತ್ತುವಾಗ ಮುಂದಿನವರ ಹಿಮ್ಮಡಿ ಬಿಟ್ಟು ಬೇರೇನನ್ನೂ ನೋಡಲಿಲ್ಲವಾದ್ದರಿಂದ ತೊಂದರೆಯಾಗಲಿಲ್ಲ. ತುದಿಯಲ್ಲಿ ಕೂತು ಚಪಾತಿ ಪಲ್ಯ ತಿಂದೆವು. ಇಳಿಯಲು ಎದ್ದಾಗ ಮೊದಲ ಸಲ ಕೆಳಗೆ ನೋಡಿದೆ. ತುದಿಗೆ ಅಂಟಿಕೊಂಡೇ ಒಂದು ಇಳಿಜಾರು ಬಂಡೆ; ಅದರಾಚೆ ಕಾಡು ಎಲ್ಲೋ ಪಾತಾಳದಲ್ಲಿತ್ತು. ಮಕ್ಕಳು ಒಬ್ಬೊಬ್ಬರಾಗಿ ಇಳಿದು ಹೋದರು. ನನ್ನ ಕಾಲು ಮಾತ್ರ ಏಳಲಿಲ್ಲ. ಬಂಡೆಯನ್ನು ತಬ್ಬಿ ಕೂತುಬಿಟ್ಟೆ.

ಕ್ಲಾಸ್ ಲೀಡರ್ ಫಿಲೋಮಿನಾ ತಿರುಗಿ ಹತ್ತಿ ಬಂದಳು. ಕಾಡಂಚಿನ ಸಿದ್ದಿ ಜನಾಂಗದವರ ಊರಿನ ಹುಡುಗಿ, ಮಾತು ಕಡಿಮೆ.

"ಸರ್, ಏನಾತ್ರಿ?"

"ಏನಿಲ್ಲವಾ, ನಿಸರ್ಗ ನೋಡಾಕತ್ತೀನಿ."

"ಕಣ್ಣ ಮುಚ್ಚಿಕೊಂಡೀರಲ್ರಿ ಸರ್."

ಇನ್ನು ಮುಚ್ಚಿಡುವುದೇನೂ ಉಳಿಯಲಿಲ್ಲ. "ನನಗ ಇಳಿಯಾಕ ಆಗೂದಿಲ್ಲವಾ" ಎಂದೆ.

"ಕುಂತ ಇಳೀರಿ ಸರ್. ನಮ್ಮ ಅಜ್ಜಿ ಹೊಳಿ ದಂಡಿ ಹಂಗ ಇಳೀತಾಳ."

"ಎಲ್ಲಾರೂ ನಗತಾರ."

"ನೋಡಿದ್ರ ನಗತಾರ್ರಿ" ಎಂದವಳು ಕೆಳಗೆ ತಿರುಗಿ ಕೂಗಿದಳು: "ಏ, ಅಲ್ಲಿ ಆಚೆ ಮರದಾಗ ಮಂಗಟ್ಟೆ ಹಕ್ಕಿ ಕುಂತೈತಿ. ಎಲ್ಲಾರೂ ಆ ಕಡೆ ಮಾರಿ ಮಾಡ್ರಿ. ಗದ್ಲ ಮಾಡಬ್ಯಾಡ್ರಿ."

ಮೂವತ್ತಕ್ಕೆ ಒಂದು ಕಡಿಮೆ ಮಕ್ಕಳು, ಟೀಚರ್, ಗಾರ್ಡ್ ಸಹಿತ ಎಲ್ಲರೂ ಖಾಲಿ ಮರವೊಂದನ್ನು ಕಾಲು ಗಂಟೆ ಭಕ್ತಿಯಿಂದ ನೋಡಿದರು. ಅವರ ಬೆನ್ನ ಹಿಂದೆ ನಾನು ಕೂತುಕೊಂಡೇ ಜಾರಿದೆ. ಫಿಲೋಮಿನಾ ನನಗಿಂತ ಕೆಳಗೆ ನಿಂತು, "ಎಡಗಾಲ ಸರ್... ಇನ್ನೊಂದೀಟ ಕೆಳಗ" ಎನ್ನುತ್ತ ನನ್ನ ಪಾದ ಹಿಡಿದು ಒಂದೊಂದೇ ಹೆಜ್ಜೆ ಇಡಿಸಿದಳು. ಪ್ಯಾಂಟಿನ ಹಿಂಭಾಗ ಹರಿಯಿತು. ಸ್ವೆಟರ್ ಸೊಂಟಕ್ಕೆ ಕಟ್ಟಿಕೊಂಡೆ. ಯಾರೂ ಏನೂ ಕೇಳಲಿಲ್ಲ. ಗಾರ್ಡ್ ಒಬ್ಬರೇ, "ಹಕ್ಕಿ ಹಾರಿಹೋತ ಕಾಣಸ್ತೈತಿ" ಎಂದು ಗಂಭೀರವಾಗಿ ಹೇಳಿದರು.

ಸೋಮವಾರ ಫಿಲೋಮಿನಾ ಬರೆದ ಪ್ರವಾಸದ ವರದಿಯನ್ನು ಹೆಡ್‌ಮಿಸ್ ನನ್ನ ಮುಂದಿಟ್ಟರು. "ಪಾಲಕರ ಸಭಾದಾಗ ಓದಸೂಣು ಸರ್. ಎಲ್ಲಾ ಖರೇ ಐತಿ ಅಂತ ಒಂದು ಸಹಿ ಹಾಕ್ರಿ." ಬಂಡೆಯ ವಿಷಯ ಎಲ್ಲಿ ಬಂದಿದೆಯೋ ಎಂದು ಹುಡುಕುತ್ತ ಓದಿದೆ. "ಒಬ್ಬರೂ ಹಿಂದೆ ಉಳಿಯಬಾರದೆಂದು ನಮ್ಮ ಗುರುಗಳು ಎಲ್ಲರೂ ಇಳಿಯುವವರೆಗೆ ತುದಿಯಲ್ಲೇ ಇದ್ದು, ಕೊನೆಗೆ ಇಳಿದರು" ಎಂದಿತ್ತು. ಮತ್ತೊಮ್ಮೆ ಓದಿದೆ. "ಗುರುಗಳು" ಎಂಬಲ್ಲಿ ಒಂದು ಕೊಂಬು ಬಿಟ್ಟುಹೋಗಿತ್ತು. ಕೆಂಪು ಶಾಯಿಯಲ್ಲಿ ಅದನ್ನು ತಿದ್ದಿ, ಸಹಿ ಹಾಕಿದೆ.