ಎಡಕ್ಕೆ ತಿರುಗಿದರೆ ಹಾರ್ನ್ ಹೊಡೆಯುವ ಕಾರು

ಹಳೇ ಕಾರು ಇಟ್ಟುಕೊಂಡವನಿಗೆ ಮಾತಾಡಲು ವಿಷಯ ಇಲ್ಲ ಅನ್ನುವ ಕಷ್ಟ ಬರುವುದಿಲ್ಲ. ವಾರಕ್ಕೊಂದು ಏನಾದರೂ ಆಗಿಯೇ ಆಗುತ್ತದೆ.

ನಾನು ಮುಂಬಯಿಯ ದಹಿಸರ್‌ನಲ್ಲಿರುವ ಪುರೋಹಿತ. ಉಡುಪಿ ಕಡೆಯವನು. ನಾನು ಹೋಮದ ಸಾಮಾನಿನ ಚೀಲ ಎದೆಗವಚಿಕೊಂಡು ಲೋಕಲ್ ರೈಲಿನಲ್ಲಿ ನೇತಾಡಿಕೊಂಡು ಬರುವುದನ್ನು ನೋಡಲಾರದೆ, ಹೋಟೆಲ್ ಇಟ್ಟಿದ್ದ ಯಜಮಾನರೊಬ್ಬರು ತಮ್ಮ ಹಳೆಯ ಸಣ್ಣ ಕಾರನ್ನು ನನಗೆ ಕೊಟ್ಟರು. "ಅರ್ಧ ದುಡ್ಡು ಕೊಡಿ ಭಟ್ರೇ, ಇನ್ನರ್ಧ ದಕ್ಷಿಣೆ ಅಂತ ತಿಳಿದುಕೊಳ್ಳಿ" ಅಂದರು. ಅವರ ಉಪಕಾರವನ್ನು ನಾನು ದಿನಾ ನೆನೆಯುತ್ತೇನೆ. ಸ್ಟಾರ್ಟ್ ಆಗದ ದಿನ ಸ್ವಲ್ಪ ಜಾಸ್ತಿಯೇ ನೆನೆಯುತ್ತೇನೆ.

೧. ಚಾ

ಒಮ್ಮೆ ಕಾರಿಗೆ ಒಂದು ವಿಚಿತ್ರ ರೋಗ ಬಂತು. ಸ್ಟೇರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿದರೆ ಹಾರ್ನ್ ತನ್ನಷ್ಟಕ್ಕೆ ಕೂಗಿಕೊಳ್ಳುತ್ತಿತ್ತು. ರಿಪೇರಿಗೆ ಬಿಡಲು ಪುರುಸೊತ್ತಿರಲಿಲ್ಲ. ಮರುದಿನವೇ ಆಂಟಾಪ್ ಹಿಲ್‌ನ ಒಂದು ಮನೆಯಲ್ಲಿ ಹದಿಮೂರನೆಯ ದಿನದ ಹೋಮ. ತೀರಿಕೊಂಡವರು ಬಸ್ ಡ್ರೈವರ್ ಆಗಿ ನಿವೃತ್ತರಾದವರು.

ಆ ಕಾಲೊನಿಗೆ ಹೋಗಲು ಎಡಕ್ಕೇ ತಿರುಗಬೇಕು. ತಿರುಗಿದೆ. ಮದುವೆ ದಿಬ್ಬಣ ಬಂದ ಹಾಗೆ ಹಾರ್ನ್ ಶುರುವಾಯಿತು. ಬಿಲ್ಡಿಂಗಿನ ಕೆಳಗೆ ತಲೆತಗ್ಗಿಸಿ ನಿಂತಿದ್ದ ನೆಂಟರೆಲ್ಲ ತಲೆಯೆತ್ತಿ ನೋಡಿದರು. ನಾನು ಮೈಯೆಲ್ಲ ಹಿಡಿಯಾಗಿ ಇಳಿದು, ಮೇಲೆ ಹೋಗಿ, ತೀರಿಕೊಂಡವರ ಹೆಂಡತಿಯ ಮುಂದೆ ಕೈಮುಗಿದು, "ತಪ್ಪಾಯ್ತಮ್ಮಾ, ಹಾರ್ನ್ ಕೆಟ್ಟಿದೆ" ಅಂದೆ.

ಅವರು ಹದಿಮೂರು ದಿನದಿಂದ ಯಾರ ಹತ್ತಿರವೂ ಸರಿಯಾಗಿ ಮಾತಾಡಿರಲಿಲ್ಲವಂತೆ. ನನ್ನನ್ನು ನೋಡಿ ನಕ್ಕುಬಿಟ್ಟರು. "ಇವರೂ ಡ್ಯೂಟಿ ಮುಗಿಸಿ ಸ್ಕೂಟರಿನಲ್ಲಿ ಬರುವಾಗ ಅದೇ ಮೂಲೆಯಲ್ಲಿ ಹೀಗೇ ಉದ್ದಕ್ಕೆ ಹೊಡೀತಿದ್ರು ಭಟ್ರೇ. ಚಾ ಇಡು ಅಂತ ಅದರ ಅರ್ಥ" ಎಂದು ಕಣ್ಣೊರೆಸಿಕೊಂಡು ಎದ್ದು ಹೋಗಿ, ನಿಜವಾಗಿಯೂ ಚಾ ಇಟ್ಟರು. ಮಗ ಬಂದು ನನ್ನ ಎರಡೂ ಕೈ ಹಿಡಿದುಕೊಂಡ.

ವಾಪಸು ಹೋಗುವಾಗಲೂ ನನ್ನ ದಾರಿ ಎಡಕ್ಕೇ ಇತ್ತು. ಆದರೆ ನಾನು ಬಲಕ್ಕೆ ತಿರುಗಿ, ಎರಡು ಸಿಗ್ನಲ್ ಸುತ್ತು ಹಾಕಿ ಹೋದೆ. ಪಾಪ, ಆ ತಾಯಿ ಮತ್ತೆ ಚಾ ಇಟ್ಟುಬಿಟ್ಟರೆ ಅಂತ.

೨. ಆತ್ಮ ಮತ್ತು ಶರೀರ

ನನ್ನ ಕಾರಿನ ವೈದ್ಯರು ಧಾರಾವಿಯ ಒಬ್ಬ ವಯಸ್ಸಾದ ಮೆಕ್ಯಾನಿಕ್. ಎಲ್ಲರೂ ಉಸ್ತಾದ್ ಅನ್ನುತ್ತಾರೆ. ಅವರ ಗ್ಯಾರೇಜು ನಮ್ಮ ಅಡುಗೆಮನೆಗಿಂತ ಚಿಕ್ಕದು, ಕಾರಿನ ಮೂತಿ ಮಾತ್ರ ಒಳಗೆ ಹಿಡಿಸುತ್ತದೆ. ಹಾಳಾಗದ ಪಾರ್ಟನ್ನು ಅವರು ಒಂದು ದಿನವೂ ಬದಲಿಸಿದವರಲ್ಲ. ತೆಗೆದ ಹಳೆಯದನ್ನು ಪೇಪರಿನಲ್ಲಿ ಸುತ್ತಿ, ನಾವು ಪ್ರಸಾದ ಕೊಟ್ಟ ಹಾಗೆ ಕೈಗೆ ಕೊಡುತ್ತಾರೆ. ಮುಂಬಯಿಯಲ್ಲಿ ಇಂಥವರು ಸಿಕ್ಕಿದ್ದು ನನ್ನ ಭಾಗ್ಯ.

ಒಂದು ದಿನ ಫ್ಲೈಓವರ್ ಹತ್ತುವಾಗ ಇಂಜಿನ್ ಕಿರುಚುತ್ತಿದೆ, ಕಾರು ಮಾತ್ರ ಮುಂದೆ ಹೋಗುತ್ತಿಲ್ಲ. ಸುಟ್ಟ ವಾಸನೆ ಬೇರೆ. ಹೇಗೋ ತೆವಳಿಸಿಕೊಂಡು ಧಾರಾವಿಗೆ ಹೋದೆ. ಉಸ್ತಾದ್ ಕ್ಲಚ್ ಬಿಚ್ಚಿ ನೋಡಿ ಕೇಳಿದರು, "ಪಂಡಿತ್‌ಜೀ, ಟ್ರಾಫಿಕ್‌ನಲ್ಲಿ ನಿಂತಾಗ ಏನು ಮಾಡ್ತೀರಿ?"

"ನಾಮಜಪ ಮಾಡ್ತೇನೆ."

"ಎಡಗಾಲು ಎಲ್ಲಿರ್ತದೆ?"

ಯೋಚಿಸಿದೆ. "ಕ್ಲಚ್ ಮೇಲೆ."

"ಅದೇ ಮತ್ತೆ! ನಿಮ್ಮ ಪುಣ್ಯ ಬೆಳೀತಾ ಹೋಗಿದೆ, ಕ್ಲಚ್ ಪ್ಲೇಟ್ ಸವೀತಾ ಹೋಗಿದೆ."

ಆರೂವರೆ ಸಾವಿರ ಆಗುತ್ತದೆ ಅಂದರು. ನನ್ನ ಮುಖ ಬಾಡಿದ್ದು ಕಂಡಿರಬೇಕು, ಹೆಗಲ ಮೇಲೆ ಕೈಯಿಟ್ಟು ಸಮಾಧಾನ ಹೇಳಿದರು: "ಇಂಜಿನ್ ಅಂದ್ರೆ ಆತ್ಮ, ಅದಕ್ಕೆ ಏನೂ ಆಗಿಲ್ಲ. ಉಳಿದದ್ದೆಲ್ಲ ಶರೀರ ಪಂಡಿತ್‌ಜೀ, ಸವೆಯುವುದೇ. ಅದಕ್ಕೆ ದುಃಖ ಪಡಬಾರದು."

ಇದೇ ಮಾತನ್ನು ಮೂವತ್ತು ವರ್ಷದಿಂದ ನಾನು ಬೇರೆಯವರ ಮನೆಯಲ್ಲಿ ಹೇಳಿ ದಕ್ಷಿಣೆ ತೆಗೆದುಕೊಂಡಿದ್ದೇನೆ. ಮೊದಲ ಸಲ ಅದನ್ನು ಕೇಳಿಸಿಕೊಂಡು, ನಾನೇ ದಕ್ಷಿಣೆ ಕೊಟ್ಟು ಬಂದೆ.

೩. ಏಳು ಹೆಜ್ಜೆ

ಡ್ರೈವರ್ ಪಕ್ಕದ ಬಾಗಿಲಿನ ಹಿಡಿ ಮುರಿದು, ಒಳಗಿಂದಲೂ ಹೊರಗಿಂದಲೂ ತೆರೆಯದ ಹಾಗಾಯಿತು. ಮೊದಲು ಹೆಂಡತಿ ಇಳಿಯಬೇಕು, ಆಮೇಲೆ ನಾನು ಪಂಚೆ ಎತ್ತಿಕಟ್ಟಿ, ಗೇರ್ ದಾಟಿ, ಅವಳ ಸೀಟಿನಿಂದ ತೆವಳಿಕೊಂಡು ಇಳಿಯಬೇಕು. ನಾನು ಹೊರಗೆ ಬರುವಷ್ಟರಲ್ಲಿ ಅವಳು ಏಳೆಂಟು ಹೆಜ್ಜೆ ಮುಂದೆ ಹೋಗಿರುತ್ತಿದ್ದಳು.

ಹದಿನೈದು ದಿನ ಹೀಗೇ ನಡೆಯಿತು. ಕೊನೆಗೆ, "ನಾಳೆ ಉಸ್ತಾದ್ ಹತ್ತಿರ ಹೋಗ್ತೇನೆ. ಇನ್ನೂರು ರೂಪಾಯಿಯ ಕೆಲಸ" ಅಂದೆ.

"ಬೇಡ" ಅಂದಳು. "ಮದುವೆಯಾದ ಮೇಲೆ ಮೊದಲ ಸಲ ನೀವು ನನ್ನ ಹಿಂದೆ ಬರ್ತಿದ್ದೀರಿ. ಇರಲಿ ಒಂದು ತಿಂಗಳು."

೪. ಮಡಿ

ಮೇ ತಿಂಗಳು. ಮುಲುಂಡ್‌ನ ಒಂದು ಮನೆಯಲ್ಲಿ ಹತ್ತೂವರೆಗೆ ಸತ್ಯನಾರಾಯಣ ಪೂಜೆ. ಅರ್ಧ ದಾರಿಯಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪು ಗೆರೆಗೆ ಬಂತು. ಬದಿಗೆ ನಿಲ್ಲಿಸಿ ಉಸ್ತಾದ್‌ಗೆ ಫೋನ್ ಮಾಡಿದೆ.

"ರೇಡಿಯೇಟರ್ ಫ್ಯಾನ್ ಹೋಗಿದೆ" ಅಂದರು. "ಇಂಜಿನ್ ಆರುವವರೆಗೆ ಕಾಯಿರಿ. ಆಮೇಲೆ ಎಸಿ ಬಂದ್ ಮಾಡಿ, ಹೀಟರ್ ಫುಲ್ ಇಡಿ. ಇಂಜಿನ್ನಿನ ಬಿಸಿಯನ್ನೆಲ್ಲ ಅದು ಒಳಗೆ ಎಳ್ಕೊಳ್ತದೆ."

"ಒಳಗೆ ನಾನಿದ್ದೇನಲ್ಲ!"

"ನಿಮಗೇನೂ ಆಗಲ್ಲ. ದಿನಾ ಹೋಮದ ಮುಂದೆ ಕೂತವರು ನೀವು."

ಹಾಗೆಯೇ ಮಾಡಿದೆ. ಇಂಜಿನ್ ತಣ್ಣಗಾಯಿತು, ನಾನು ಬೆಂದೆ. ಮುಲುಂಡ್ ತಲುಪುವಾಗ ಪಂಚೆ, ಶಲ್ಯ, ಜನಿವಾರ ಎಲ್ಲ ಬೆವರಿನಲ್ಲಿ ತೊಯ್ದು ಮೈಗೆ ಅಂಟಿದ್ದವು. ಬಾಗಿಲು ತೆರೆದ ಮನೆಯ ಹಿರಿಯ ಅಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಸೊಸೆಯನ್ನು ಕೂಗಿ ಕರೆದರು. "ನೋಡು ಬಾ ಇಲ್ಲಿ! ಈ ಮುಂಬಯಿಯಲ್ಲೂ ಮಿಂದು ಒದ್ದೆ ಬಟ್ಟೆಯಲ್ಲೇ ಮಡಿಯಲ್ಲಿ ಬರುವ ಭಟ್ರು ಇದ್ದಾರೆ!" ಹೇಳಿದ್ದೇ ಕಾಲಿಗೆ ಬಿದ್ದರು.

ಸತ್ಯನಾರಾಯಣ ಪೂಜೆಗೆ ಬಂದವನು ಸುಳ್ಳು ಹೇಗೆ ಹೇಳಲಿ? "ಹಾಗಲ್ಲಮ್ಮಾ, ಇದು ಹೀಟರಿನಿಂದ ಆದದ್ದು" ಅಂದೆ.

"ಅಯ್ಯೋ, ಅದಕ್ಕೇನು ಭಟ್ರೇ" ಅಂದರು ಅಮ್ಮ, "ನಮ್ಮಲ್ಲೂ ಹೀಟರಿನ ನೀರೇ. ಬಿಸಿನೀರಾದರೂ ಸ್ನಾನ ಸ್ನಾನವೇ."

೫. ವಾಹನ ಪೂಜೆ

ನಮ್ಮ ದಹಿಸರ್‌ನಲ್ಲೇ ಒಬ್ಬ ಹುಡುಗ, ಬ್ಯಾಂಕಿನಲ್ಲಿ ಕೆಲಸ, ದೊಡ್ಡ ಹೊಸ ಕಾರು ಕೊಂಡ. ಬಟನ್ ಒತ್ತಿದರೆ ಸ್ಟಾರ್ಟ್ ಆಗುವಂಥದ್ದು. ಪೂಜೆಗೆ ನನ್ನನ್ನು ಕರೆದ. ನಾನು ನನ್ನ ಕಾರನ್ನು ಯಾರಿಗೂ ಕಾಣದ ಹಾಗೆ ನೀರಿನ ಟ್ಯಾಂಕರಿನ ಹಿಂದೆ ನಿಲ್ಲಿಸಿ ಹೋದೆ.

ಕಾರಿಗೆ ಹೂವಿನ ಹಾರ ಹಾಕಿ, ಕೀಯನ್ನು ತಟ್ಟೆಯಲ್ಲಿಟ್ಟು, ಕುಂಕುಮ ಹಚ್ಚಿ, ಕಲಶದ ನೀರನ್ನು ಧಾರಾಳವಾಗಿ ಪ್ರೋಕ್ಷಣೆ ಮಾಡಿದೆ. ನಾಲ್ಕು ಚಕ್ರದ ಅಡಿಗೆ ನಾಲ್ಕು ನಿಂಬೆಹಣ್ಣು ಇಟ್ಟೆವು. ಎಲ್ಲರೂ ಸೇರಿ ದೇವಸ್ಥಾನಕ್ಕೆ ಹೋಗಿ ಬರುವುದು ಅಂತ ಮಾತು. ರಾಹುಕಾಲಕ್ಕೆ ಇನ್ನು ಹತ್ತು ನಿಮಿಷ. ಹುಡುಗ ಒಳಗೆ ಕೂತು ಬಟನ್ ಒತ್ತಿದ. ಸದ್ದಿಲ್ಲ. ಮತ್ತೆ ಒತ್ತಿದ.

"ಭಟ್ರೇ, ಸ್ಕ್ರೀನ್ ಮೇಲೆ ಕೀ ನಾಟ್ ಡಿಟೆಕ್ಟೆಡ್ ಅಂತ ಬರ್ತಾ ಇದೆ" ಅಂದ. "ಕೀ ಒಳಗೆ ನೀರು ಹೋಗಿದೆ ಅಂತ ಕಾಣ್ತದೆ."

ನೀರು ಹಾಕಿದವನು ನಾನೇ. ಕಂಪನಿಗೆ ಫೋನ್ ಮಾಡಿದರೆ ಜನ ಬರಲು ಎರಡು ಗಂಟೆಯಾಗುತ್ತದೆ ಅಂದರಂತೆ. ಅವನ ಹೆಂಡತಿ ಬುದ್ಧಿವಂತೆ. ಕೀಯನ್ನು ಒರೆಸಿ, ತಟ್ಟೆಯಲ್ಲಿದ್ದ ಕಲಶದಡಿಯ ಅಕ್ಕಿಯಲ್ಲಿ ಹೂತಿಟ್ಟಳು. ಅಕ್ಕಿ ನೀರು ಹೀರುತ್ತದಂತೆ.

ಅವನ ಅಜ್ಜಿ ಮಾತ್ರ ಗಡಿಯಾರ ನೋಡುತ್ತಿದ್ದರು. "ಭಟ್ರು ಬಂದದ್ದು ಎಂತದರಲ್ಲಿ?" ಅಂತ ಕೇಳಿದರು. ನಾನು ಸಂಕೋಚದಿಂದ ಟ್ಯಾಂಕರಿನ ಕಡೆ ಕೈ ತೋರಿಸಿದೆ. "ಇದೆಯಲ್ಲ ಮತ್ತೆ! ಆ ನಿಂಬೆಹಣ್ಣು ತೆಗ್ದು ಅದಕ್ಕಿಡಿ ಮಾರಾಯ್ರೆ."

ಹಾರ, ನಿಂಬೆಹಣ್ಣು ಎಲ್ಲ ನನ್ನ ಕಾರಿಗೆ ಬಂದವು. ರೇಷ್ಮೆ ಸೀರೆ ಉಟ್ಟವರು ಮಂಡಿ ಮಡಚಿ ಹಿಂದೆ ಕೂತರು. ಮೂರು ಸಲ ತಿರುಗಿಸದೆ ಸ್ಟಾರ್ಟ್ ಆಗಿ ಗೊತ್ತಿಲ್ಲದ ಕಾರು ಅದು. ಕಣ್ಣುಮುಚ್ಚಿ ಕೀ ತಿರುಗಿಸಿದೆ. ಒಂದೇ ಸಲಕ್ಕೆ ಸ್ಟಾರ್ಟ್! ನಾಲ್ಕೂ ನಿಂಬೆಹಣ್ಣು ಪಟಪಟ ಒಡೆದವು. ದೇವಸ್ಥಾನದಲ್ಲಿ ನಾನು ಯಾರಿಗಾಗಿ ಕೈಮುಗಿದೆ ಅಂತ ಹೇಳಬೇಕಾಗಿಲ್ಲ.

ತಿರುಗಿ ಬರುವಷ್ಟರಲ್ಲಿ ಕೀ ಒಣಗಿತ್ತು. ಹುಡುಗ ಬಟನ್ ಒತ್ತಿದ, ಹೊಸ ಕಾರು ಮೆತ್ತಗೆ ಎದ್ದಿತು. ಖುಷಿಯಲ್ಲಿ ಓಡಿಬಂದು ಅಜ್ಜಿಯ ಕಾಲು ಮುಟ್ಟಿದ. ಅಜ್ಜಿ ನನ್ನ ಕಡೆ ತಿರುಗಿ, "ಭಟ್ರೇ, ನಿಮ್ಮ ಕಾರಿಗೆ ಎಷ್ಟು ವರ್ಷ ಆಯ್ತು?" ಅಂತ ಕೇಳಿದರು.

"ಹದಿನೇಳು" ಅಂದೆ.

ಅಜ್ಜಿ ಮೊಮ್ಮಗನ ತಲೆ ಮೇಲೆ ಕೈಯಿಟ್ಟು ಆಶೀರ್ವಾದ ಮಾಡಿದರು: "ನಿನ್ನ ಕಾರಿಗೂ ಹದಿನೇಳು ವರ್ಷ ತುಂಬಲಿ ಮಗಾ. ಅಷ್ಟರಲ್ಲಿ ಅದೂ ಸ್ಟಾರ್ಟ್ ಆಗ್ಲಿಕ್ಕೆ ಕಲೀತದೆ."