ಕೇಳುವವಳ ಸರದಿ

ಸತ್ಯವೇದವನ್ನು ಓದುವುದು ಕಷ್ಟ, ಕೇಳುವುದು ಸುಲಭ ಎಂದು ಜನ ತಿಳಿದಿರುತ್ತಾರೆ. ಓದುವವರಿಗೆ ಮುಖ ಮರೆಮಾಡಿಕೊಳ್ಳಲು ಕೈಯಲ್ಲಿ ಪುಸ್ತಕವಾದರೂ ಇರುತ್ತದೆ. ಕೇಳುವವಳ ಮುಖ ಎಲ್ಲರಿಗೂ ಕಾಣುತ್ತದೆ. ನನ್ನಂಥ ನಾಚಿಕೆಯವಳಿಗೆ ಇದಕ್ಕಿಂತ ದೊಡ್ಡ ಪೇಚು ಇನ್ನೊಂದಿಲ್ಲ. ಮಕ್ಕಳೇ, ನಾನು ಬನಹಟ್ಟಿಗೆ ಸೊಸೆಯಾಗಿ ಬಂದ ಹೊಸತರಲ್ಲಿ, ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಹೆಂಗಸರ ಪ್ರಾರ್ಥನೆಯ ಕೂಟ ನಡೆಯುತ್ತಿತ್ತು. ಪಕ್ಕದ ಮನೆಯ ಮಗ್ಗದ ಸದ್ದು ನಿಂತ ಮೇಲೆ ಚರ್ಚಿನ ಬೋಧಕರ ಹೆಂಡತಿ ಒಂದು ಭಾಗ ಓದುವರು. ಅವರನ್ನು ನಾವು ಬಾಯಾರು ಎನ್ನುತ್ತಿದ್ದೆವು. ಓದು ಮುಗಿದೊಡನೆ ಪ್ರತಿಯೊಬ್ಬಳೂ ಮನಸ್ಸಿಗೆ ತಾಗಿದ ಒಂದು ಮಾತು ಹೇಳಬೇಕು. ಯಾರ ಮನೆಯಲ್ಲಿ ಕೂಟವೋ ಆ ಮನೆಯ ಸೊಸೆ ಮೊದಲು. ಬೇರೆ ಮನೆಗಳಲ್ಲಿ ನಾನು ಬಾಗಿಲ ಮೂಲೆ ಹಿಡಿದು, ಪಕ್ಕದವಳು ಹೇಳಿದ್ದನ್ನೇ ಹೇಳಿ ಪಾರಾಗುತ್ತಿದ್ದೆ.

ಕಡೆಗೆ ನಮ್ಮ ಮನೆಯ ಸರದಿ ಬಂತು. ಅತ್ತೆ ಬೆಳಿಗ್ಗೆಯೇ ಎಚ್ಚರಿಸಿದರು: "ಇವತ್ತ ಮೂಕಿ ಹಂಗ ಕೂತಿ ಅಂದ್ರ ನನ್ನ ಮಾನ ಹೋಗತೈತಿ ನೋಡು. ಆ ರಾಹೇಲವ್ವನ ಸೊಸಿ ಹೆಂಗ ಪಟಪಟ ಮಾತಾಡತಾಳ!" ರೊಟ್ಟಿ ಬಡಿಯುತ್ತಲೇ ಯೋಚಿಸಿದೆ. ಯಾವ ಭಾಗ ಓದಿದರೂ ಒಪ್ಪುವ ಮಾತು ಯಾವುದು? ಸಂತೋಷ! ಸತ್ಯವೇದದಲ್ಲಿ ಸಂತೋಷಕ್ಕೇನು ಬರವೇ? ಸಂಜೆ ಬಾಯಾರು ಓದತೊಡಗಿದಾಗ, ಎಲ್ಲಿ ಮರೆತುಬಿಡುವೆನೋ ಎಂದು ಒಳಗೊಳಗೇ 'ಸಂತೋಷ, ಸಂತೋಷ' ಎನ್ನುತ್ತ ಕೂತೆ. ಓದಿದ್ದರಲ್ಲಿ ಒಂದಕ್ಷರವೂ ಕಿವಿಗೆ ಬೀಳಲಿಲ್ಲ.

"ಏನ ತಾಗಿತವಾ ಮನಸ್ಸಿಗೆ?" ಎಂದರು ಬಾಯಾರು.

"ಸಂತೋಷರೀ" ಎಂದೆ.

ರಾಹೇಲವ್ವ ಥಟ್ಟನೆ ಕೇಳಿದಳು: "ಹುಡುಗ ಮಾಳಿಗಿ ಮ್ಯಾಲಿಂದ ಬಿದ್ದು ಸತ್ತಾನ, ನಿನಗ ಸಂತೋಷ ಆತೇನ ಬೇ?"

ಅತ್ತೆಯ ಮುಖ ಕಾದ ಹಂಚಾಯಿತು. ಬಾಯಾರು ನಗು ನುಂಗಿಕೊಂಡು, "ಆ ಹುಡುಗ ಮತ್ತ ಎದ್ದಾನ ಬಿಡ್ರಿ. ಇನ್ನೊಮ್ಮೆ ಓದತೇನಿ, ಕೇಳ್ರಿ" ಎಂದರು. ಈ ಸಲ ನನಗೆ ನೆನಪಿಟ್ಟುಕೊಳ್ಳಲು ಯಾವ ಮಾತೂ ಉಳಿದಿರಲಿಲ್ಲ, ಸುಮ್ಮನೆ ಕೇಳಿದೆ. ಪೌಲನ ಉಪದೇಶ ಬೆಳೆಯುತ್ತಲೇ ಹೋಗುತ್ತದೆ, ಕಿಟಕಿಯಲ್ಲಿ ಕೂತ ಹುಡುಗ ತೂಕಡಿಸುತ್ತಾನೆ, ಧೊಪ್ಪನೆ ಬೀಳುತ್ತಾನೆ. ಅವನಿಗೆ ಜೀವ ಬಂದಾಗ ನನಗೂ ಜೀವ ಬಂದಂತಾಯಿತು. ಯಾರೂ ಕೇಳದಿದ್ದರೂ ಮಾತು ಹೊರಗೆ ಬಿತ್ತು: "ಅಲ್ರೀ ಬಾಯಾರ, ಹುಡುಗನ ತಪ್ಪೇನೈತ್ರಿ? ಪೌಲನೋರು ಲಗೂನ ಮುಗಿಸಿದ್ದರ ಅಂವ ಯಾಕ ಬೀಳತಿದ್ದ?"

ಕೂಟಕ್ಕೆ ಕೂಟವೇ ನಕ್ಕಿತು. ಉದ್ದುದ್ದ ಉಪದೇಶ ಮಾಡುವ ಗಂಡನನ್ನು ಕಟ್ಟಿಕೊಂಡಿದ್ದ ಬಾಯಾರು ಎಲ್ಲರಿಗಿಂತ ಹೆಚ್ಚು ನಕ್ಕರು. ಅತ್ತೆ ಮೊಳಕೈಯಿಂದ ತಿವಿದು, "ಬಾಯಿ ಬಂತಲಾ, ಸಾಕು. ಇನ್ನ ಮುಚ್ಚು" ಎಂದರು. ಆದರೆ ಆ ದನಿಯಲ್ಲಿ ಸಿಟ್ಟಿರಲಿಲ್ಲ. ಚಹಾದ ಮೊದಲ ಬಟ್ಟಲನ್ನು ರಾಹೇಲವ್ವನ ಸೊಸೆಗೆ ಕೊಡದೆ ನನಗೆ ಕೊಟ್ಟರು.

ನಿಮ್ಮ ಅಜ್ಜ ಹೋದ ಮೇಲೆ ಸಂಜೆಯ ಸತ್ಯವೇದದ ಓದು ನಿಮ್ಮ ಪಾಲಿಗೆ ಬಂದಿದೆ. "ಅಜ್ಜಿ ಸುಮ್ಮ ಕೂತ್ರ ಇಷ್ಟೊತ್ತಿಗೆ ಅಧ್ಯಾಯ ಮುಗೀತಿತ್ತು" ಎಂದು ನೀವು ಗೊಣಗುವುದು ನನಗೆ ಕೇಳಿಸುತ್ತದೆ. ನಾಚಿಕೆಯವಳು ನಾನು, ನಿನ್ನೆಯ ಓದಿನಲ್ಲಿ ಬಾಯಿ ಬಿಗಿಹಿಡಿದೆ. ಆದರೆ ಇದೊಂದನ್ನು ಕೇಳದೆ ನಿದ್ದೆ ಬರುತ್ತಿಲ್ಲ: ನೋಹನ ನಾವೆಯಲ್ಲಿ ಅಷ್ಟೊಂದು ದನಕರುಗಳ ಸಗಣಿ ಬಳಿದವರು ಯಾರು? ಸೊಸೆಯಂದಿರೇ ಇರಬೇಕು.