ಒಂದು ಬಕೆಟ್ ನೀರು, ಒಂದು ಬಿಳಿ ಕಾರು

ನಾಲ್ಕು ಜನ ನೋಡುತ್ತಿದ್ದಾರೆ ಎಂದರೆ ಕೆಲವರಿಗೆ ಕೈ ಚುರುಕಾಗುತ್ತದೆ. ನನಗೆ ಸೂಜಿಗೆ ದಾರ ಪೋಣಿಸಲೂ ಬರುವುದಿಲ್ಲ. ದಿನಾ ಎಂಬತ್ತು ಹುಡುಗಿಯರ ಮುಂದೆ ನಿಂತು ರಸಾಯನಶಾಸ್ತ್ರ ಪಾಠ ಮಾಡುವವಳು ಹೀಗೆ ಹೇಳಿದರೆ ನೀವು ನಂಬಲಿಕ್ಕಿಲ್ಲ. ಆದರೆ ಅಲ್ಲಿ ಅವರು ನೋಡುವುದು ಕರಿಹಲಗೆಯನ್ನು, ನನ್ನನ್ನಲ್ಲ ಎಂಬ ಸಮಾಧಾನವಿರುತ್ತದೆ. ಒಗೆದ ಬಟ್ಟೆ ಒಣಹಾಕುವಾಗಲೂ ನಾನು ಮೊದಲು ಹೊರಬದಿಯ ಹಗ್ಗಕ್ಕೆ ಚಾದರ ಹಾಕಿ, ಉಳಿದದ್ದನ್ನು ಅದರ ಮರೆಯಲ್ಲಿ ಹಾಕುವವಳು. ಇಂಥವಳಿಗೆ ಕಾರು ಬೇಕು ಅನಿಸಿದ್ದೂ ಇದೇ ಕಾರಣಕ್ಕೆ. ನೌಕರಿಯ ಊರಾದ ಮುದ್ದೇಬಿಹಾಳದಿಂದ ಅಪ್ಪ ಅವ್ವ ಇರುವ ಬಸವನ ಬಾಗೇವಾಡಿಗೆ ಬಸ್ಸಿನಲ್ಲಿ ಹೊರಟರೆ, ಪಕ್ಕದ ಸೀಟಿನ ಹೆಣ್ಣುಮಗಳು ಟಿಕೆಟ್ ತೆಗೆಸುವಷ್ಟರಲ್ಲಿ ನನ್ನ ಊರು, ತಂದೆಯ ಹೆಸರು, ಓದು, ನೌಕರಿ ಕಾಯಮ್ಮೋ ಅಲ್ಲವೋ ಎಲ್ಲವನ್ನೂ ತಿಳಿದುಕೊಂಡಿರುತ್ತಾಳೆ. "ಮತ್ತ ಮದಿವಿ?" ಎಂಬ ಪ್ರಶ್ನೆ ಬರುವ ಹೊತ್ತಿಗೆ ಬಸ್ಸು ಊರು ಕೂಡ ದಾಟಿರುವುದಿಲ್ಲ. ಕಾರಿನಲ್ಲಾದರೆ ಗಾಜು ಏರಿಸಿಕೊಳ್ಳಬಹುದು.

ಕಾರು ಅಪ್ಪನದು. ಅಪ್ಪ ಸರ್ವೇಯರ್ ಆಗಿ ಇಂಡಿ, ಸಿಂದಗಿ ತಾಲೂಕುಗಳ ಹೊಲದ ಗಡಿಗಳನ್ನೆಲ್ಲ ಅಳೆದು ನಿವೃತ್ತರಾದವರು. ಸರಪಳಿ ಹಿಡಿದು ಬಾಂದುಕಲ್ಲು ಹುಡುಕಿದ ಕಣ್ಣುಗಳು ಈಗ ಮನೆಯ ಗೋಡೆಯ ಬಿರುಕು, ತಟ್ಟೆಯ ಚಪಾತಿಯ ದುಂಡು, ಮಗಳ ಬೈತಲೆಯ ನೇರ ಇವುಗಳಲ್ಲಿ ತೊಡಗಿಕೊಂಡಿವೆ. ನಿವೃತ್ತಿಯಾದ ಮೇಲೆ ಬಿಳಿ ಬಣ್ಣದ ಹೊಸ ಕಾರು ಕೊಂಡು, ಅದನ್ನು ನಲವತ್ತರ ವೇಗ ಮೀರದಂತೆ ಸಾಕುತ್ತಿದ್ದರು. ನಾನು ಆರು ತಿಂಗಳು ಯೋಚಿಸಿ, ಒಂದು ದಿನ ಊಟದ ನಡುವೆ ಕೇಳಿದೆ. ಅವರು ಮೊದಲು ಅನ್ನ ಕಲಸಿ ಮುಗಿಸಿದರು.

"ಎಂಟ ದಿನ ಇಟ್ಕೊಂಡು ನೋಡವಾ," ಅಂದರು ಕೊನೆಗೆ. "ಮುಂದಿನ ಐತವಾರ ನಾ ಬಸ್ಸಿಗೆ ಬರ್ತೇನಿ. ಗಾಡಿ ನಾ ಕೊಟ್ಟಾಂಗ ಇದ್ರ ಕೀಲಿ ನಿನ್ನ ಕಡೇನ ಇರ್ಲಿ. ಇಲ್ಲಂದ್ರ ಅದರಾಗ ಕುಂತು ನಾ ಹೊಳ್ಳಿ ಬರ್ತೇನಿ, ನೀ ಬಸ್ಸಿಗಿ ಅಡ್ಡಾಡು. ಮತ್ತ ಆ ವಾಟರ್ ಸರ್ವಿಸಿನವರ ಕಡೆ ಒಯ್ಯಬ್ಯಾಡ, ಜೋರ್ ನೀರಿಗಿ ಬಣ್ಣ ಏಳತೈತಿ."

ಆ ದಿನ ನೆರಳಿನ ಜಾಗ ಖಾಲಿ ಇದ್ದರೂ ಕಾರು ಅಂಗಳದ ಉರಿಬಿಸಿಲಿನಲ್ಲಿ ನಿಂತಿತ್ತು. ಯಾಕೆಂದು ಕೇಳಿದರೆ ಅಪ್ಪ, "ಟಾಯರಿಗಿ ಬಿಸಿಲು ಛಲೋ" ಅಂದರು. ಒಳಗಿನಿಂದ ಅವ್ವ ಕೆಮ್ಮಿದಳು. ನಾನು ಕೀಲಿ ಸಿಕ್ಕ ಸಂಭ್ರಮದಲ್ಲಿ ಎರಡಕ್ಕೂ ಕಿವಿಗೊಡಲಿಲ್ಲ.

ಮುದ್ದೇಬಿಹಾಳದಲ್ಲಿ ನಾನು ಬಾಡಿಗೆಗಿರುವುದು ಗಂಗಕ್ಕನವರ ಮನೆಯ ಹಿಂಭಾಗದ ಎರಡು ಕೋಣೆಗಳಲ್ಲಿ. ಗಂಗಕ್ಕ ಒಳ್ಳೆಯವರು, ಅದೇ ತೊಂದರೆ. ನಮ್ಮ ಓಣಿಗೆ ನಳದ ನೀರು ಬರುವುದು ವಾರಕ್ಕೊಮ್ಮೆ. ಬಂದ ದಿನ ಕೊಡ, ಬಕೆಟ್, ಬೋಗುಣಿ, ಕೊನೆಗೆ ಚಹಾದ ಕೆಟ್ಟಲ್ಲು ಕೂಡ ತುಂಬಿ ನಿಲ್ಲುತ್ತವೆ. ಇಂಥ ಓಣಿಯಲ್ಲಿ ಪೈಪು ಹಿಡಿದು ಕಾರಿಗೆ ಸ್ನಾನ ಮಾಡಿಸಿದರೆ, ನಾಳೆ ನನ್ನ ಹೆಣ ಎತ್ತಲೂ ಯಾರೂ ಬರಲಿಕ್ಕಿಲ್ಲ. ಬೋರಿನ ನೀರು ಸವಳು, ಒಣಗಿದರೆ ಗಾಜಿನ ಮೇಲೆ ಬಿಳಿ ಚುಕ್ಕಿ. ನಮ್ಮ ಕಡೆಯ ಎರೆಮಣ್ಣಿನ ಧೂಳಾದರೋ ಎರಡೇ ದಿನದಲ್ಲಿ ಬಿಳಿ ಕಾರನ್ನು ಬೂದು ಮಾಡಿತು. ಒಣಬಟ್ಟೆಯಿಂದ ಒರೆಸಿದರೆ ಆ ಧೂಳೇ ಬಣ್ಣವನ್ನು ಗೀಚುತ್ತದೆ.

ಮೊಬೈಲಿನಲ್ಲಿ ಹುಡುಕಿದಾಗ ಒಂದು ಉಪಾಯ ಸಿಕ್ಕಿತು. ಒಂದೇ ಬಕೆಟ್ ನೀರಿಗೆ ಕಾರು ಒರೆಸಲೆಂದೇ ಮಾರುವ ದ್ರವವನ್ನು ಒಂದು ಮುಚ್ಚಳ ಬೆರೆಸುವುದು, ಮೆತ್ತನೆಯ ಬಟ್ಟೆ ಅದ್ದಿ ಒಂದೇ ದಿಕ್ಕಿಗೆ ಎಳೆಯುವುದು, ಬಟ್ಟೆಯ ಮಗ್ಗುಲು ಬದಲಿಸುತ್ತ ಹೋಗುವುದು, ಹಿಂದೆಯೇ ಒಣಬಟ್ಟೆಯಿಂದ ಒರೆಸುವುದು. ಮೇಲೆ ನೀರು ಹೊಯ್ಯುವ ಕೆಲಸವೇ ಇಲ್ಲ. ಸದ್ದಿಲ್ಲ, ಕೆಸರಿಲ್ಲ, ಓಣಿಯಲ್ಲಿ ಹರಿದುಹೋಗಿ ಚಾಡಿ ಹೇಳುವ ನೀರಿಲ್ಲ. ಈ ವಿಧಾನವನ್ನು ಕಂಡುಹಿಡಿದವರು ನನ್ನ ಸ್ವಭಾವ ತಿಳಿದೇ ಕಂಡುಹಿಡಿದಿರಬೇಕು ಎನಿಸಿತು. ಆ ದ್ರವದ ಬಾಟಲಿಗೆ ಅಂದೇ ಮೊಬೈಲಿನಲ್ಲೇ ಆರ್ಡರ್ ಹಾಕಿದೆ. ಅದು ದೂರದ ಊರುಗಳನ್ನೆಲ್ಲ ಎರಡು ದಿನದಲ್ಲಿ ದಾಟಿ, ತಾಳಿಕೋಟೆಗೆ ಬಂದು, ಬೀಗರ ಮನೆಗೆ ಬಂದಂತೆ ಅಲ್ಲಿಯೇ ಉಳಿದುಬಿಟ್ಟಿತು.

ಇಷ್ಟರಲ್ಲಿ ಶುಕ್ರವಾರ ಅಮಾವಾಸ್ಯೆ ಬಂತು. ನಾನು ಕಾಲೇಜಿನಿಂದ ಬರುವಷ್ಟರಲ್ಲಿ ಕಾರಿನ ಮೂತಿಗೆ ಮೆಣಸಿನಕಾಯಿಯ ಜೊತೆ ಲಿಂಬೆಹಣ್ಣು ತೂಗುತ್ತಿತ್ತು. ಬಾನೆಟ್ಟಿನ ತುಂಬ ಎಣ್ಣೆಯಲ್ಲಿ ಕಲಸಿದ ಅರಿಷಿಣದ ದಪ್ಪ ಗೆರೆಗಳು, ನಡುವೆ ಐದು ಬೆರಳು ಸ್ಪಷ್ಟವಾಗಿ ಮೂಡಿದ ಒಂದು ಹಸ್ತ.

"ಹೊಸಾ ಗಾಡಿ ಅಮಾಸಿ ದಿನ ಬೋಳ ಹಣಿಲೇ ನಿಂತಿತ್ತಲ್ರಿ ಮೇಡಮ್ಮಾರ, ನನಗ ನೋಡಾಕ ಆಗಲಿಲ್ಲ," ಅಂದರು ಗಂಗಕ್ಕ.

ನಾನು "ಥ್ಯಾಂಕ್ಸ್ ರೀ" ಅಂದೆ. ಒಳಗೆ ಹೋಗಿ ಅರ್ಧ ಗಂಟೆ ಹಾಸಿಗೆಯ ಮೇಲೆ ಕುಳಿತೆ. ದೇವರ ಗುರುತನ್ನು ಅವರ ಕಣ್ಣೆದುರಿಗೇ ಅಳಿಸುವುದು ಹೇಗೆ? ಶನಿವಾರವಿಡೀ ಅವರು ಅಂಗಳದಲ್ಲಿಯೇ ಇದ್ದರು. ಅರಿಷಿಣ ಒಣಗಿ ಬಣ್ಣಕ್ಕೆ ಕಚ್ಚಿಕೊಂಡಿತು. ಅಪ್ಪ ಬರುವುದು ಐತವಾರ ಒಂದು ಗಂಟೆಯ ಬಸ್ಸಿಗೆ.

ಐತವಾರ ಬೆಳಿಗ್ಗೆ ಆರಕ್ಕೇ ಎದ್ದೆ. ಕಾರು ನಿಂತಿದ್ದ ತಗಡಿನ ಶೆಡ್ಡಿನ ಮುಂದೆ ಹಳೆಯ ತಾಡಪತ್ರಿ ಇಳಿಬಿಟ್ಟು ಮರೆ ಮಾಡಿಕೊಂಡೆ. ಹಳೆಯ ಹತ್ತಿಯ ಓಢಣಿಗಳನ್ನು ಕತ್ತರಿಸಿ ಆರು ಬಟ್ಟೆ ಮಾಡಿಕೊಂಡಿದ್ದೆ. ಮೇಲ್ಭಾಗಕ್ಕೊಂದು, ಬಾಗಿಲುಗಳಿಗೆರಡು, ಗಾಲಿಯ ಕಡೆಗೊಂದು, ಒರೆಸಲು ಎರಡು. ಅದಲುಬದಲಾಗದಂತೆ ಮೂಲೆಗೆ ದಾರದ ಗುರುತು ಕೂಡ ಹಾಕಿದ್ದೆ. ಬಾಟಲಿ ತಾಳಿಕೋಟೆಯಲ್ಲಿತ್ತಲ್ಲ, ಅದರ ಬದಲಿಗೆ ಬಟ್ಟೆ ಒಗೆಯುವ ಪುಡಿಯನ್ನು ಅರ್ಧ ಚಮಚ ಅಳೆದು ಹಾಕಿದೆ. ಇಷ್ಟು ತೆಳುವಾದರೆ ಅಪಾಯವಿಲ್ಲ ಎಂದು ಲೆಕ್ಕ ಹಾಕಿದ್ದು ನಾನೇ. ಆ ಲೆಕ್ಕವನ್ನು ಯಾರೂ ಕೇಳಬೇಡಿ.

ಮೇಲ್ಭಾಗ ಲಕಲಕ ಹೊಳೆಯಿತು. ಬಾಗಿಲುಗಳೂ ಹಾಗೆಯೇ. ಬಟ್ಟೆ ಎಳೆಯುತ್ತ ಹೋದಂತೆ ಎರೆಮಣ್ಣು ಅದರ ಮಡಿಕೆಯೊಳಗೆ ಶರಣಾಗಿ ಬಂದು ಕೂರುತ್ತಿತ್ತು. ಬಕೆಟ್ಟಿನಲ್ಲಿ ಇನ್ನೂ ಅರ್ಧ ನೀರಿತ್ತು. ಬದುಕಿನಲ್ಲಿ ಮೊದಲ ಬಾರಿಗೆ ಒಂದು ಕೆಲಸ ನಾನು ಓದಿಕೊಂಡಂತೆಯೇ ನಡೆಯುತ್ತಿದೆ ಎಂಬ ಹಿಗ್ಗಿನಲ್ಲಿ ಬಾನೆಟ್ಟಿಗೆ ಬಂದು, ಹಸ್ತದ ಮೇಲೆ ಬಟ್ಟೆ ಎಳೆದೆ.

ಹಳದಿ ಕೆಂಪಾಯಿತು.

ಗಾಬರಿಯಲ್ಲಿ ಇನ್ನೊಮ್ಮೆ ಎಳೆದೆ. ಒಂದೇ ದಿಕ್ಕಿಗೆ ಎಳೆಯಬೇಕೆಂಬ ನಿಯಮವನ್ನೂ ಮರೆತು ಅಡ್ಡ, ಉದ್ದ, ಸುತ್ತ ತಿಕ್ಕಿದೆ. ಕೆಂಪು ಬಾನೆಟ್ಟಿನ ತುಂಬ ಹರಡಿ, ದೀಪದ ಮೇಲಿಳಿದು, ಬಂಪರಿನ ಅಂಚಿನಿಂದ ತೊಟ್ಟಿಕ್ಕತೊಡಗಿತು. ನನ್ನ ಎರಡೂ ಕೈ ಮೊಣಕೈವರೆಗೆ ಕೆಂಪು. ಕಾರಣ ನನಗೆ ಗೊತ್ತಿತ್ತು, ಅದೇ ದುಃಖ. ಒಗೆಯುವ ಪುಡಿ ಕ್ಷಾರ. ಅರಿಷಿಣ ಕ್ಷಾರಕ್ಕೆ ಕೆಂಪಾಗುತ್ತದೆ, ಆಮ್ಲಕ್ಕೆ ಮತ್ತೆ ಹಳದಿಯಾಗುತ್ತದೆ ಎಂದು ಪ್ರತಿವರ್ಷ ಅರಿಷಿಣದ ಕಾಗದ ಹಿಡಿದು ತೋರಿಸುವವಳು ನಾನು. "ನಿತ್ಯಜೀವನದಲ್ಲಿ ಗಮನಿಸಿ" ಎಂದು ಬೇರೆ ಹೇಳುತ್ತೇನೆ.

ಅಷ್ಟರಲ್ಲಿ ತಾಡಪತ್ರಿ ಸರಿಯಿತು. ಗಂಗಕ್ಕ ಕಸಬರಿಗೆ ಹಿಡಿದು ನಿಂತಿದ್ದರು.

"ಅಯ್ಯ ಶಿವನ! ಯಾರಿಗಿ ಹಾಯಿಸಿ ಬಂದ್ರಿ?"

"ಯಾರಿಗೂ ಇಲ್ರೀ ಗಂಗಕ್ಕಾರ, ಮೆಲ್ಲಗ ಮಾತಾಡ್ರಿ."

ಮೆಲ್ಲಗೆ ಮಾತಾಡುವುದು ಅವರಿಗೆ ಗೊತ್ತಿದ್ದರೆ ತಾನೆ. ಎದುರು ಮನೆಯ ರಾಜೇಸಾಬರು ಆಟೋ ಒರೆಸುತ್ತಿದ್ದವರು ಹಾಗೆಯೇ ಬಂದರು. ಕಾರನ್ನೂ ನನ್ನ ಕೈಗಳನ್ನೂ ನೋಡಿ ಧ್ವನಿ ತಗ್ಗಿಸಿದರು.

"ಮೇಡಂ, ಹೆದರಬ್ಯಾಡ್ರಿ. ಮನಷ್ಯಾನೋ, ಆಡೋ?"

"ಅರಿಷಿಣ!" ಎಂದು ನಾನು ಕೂಗಿದೆ. ನನ್ನ ದನಿ ಅಷ್ಟು ದೊಡ್ಡದಿದೆಯೆಂದು ನನಗೇ ಗೊತ್ತಿರಲಿಲ್ಲ. ಓಣಿಯಲ್ಲಿ ಎರಡು ಬಾಗಿಲು ತೆರೆದವು.

ಗಂಗಕ್ಕ ಬಕೆಟ್ಟಿನಲ್ಲಿ ಬೆರಳದ್ದಿ ಮೂಸಿದರು. "ಇದಕ್ಕ ಸೋಪಿನ ಪುಡಿ ಹಾಕೀರಿ! ಅಲ್ರಿ ಮೇಡಮ್ಮಾರ, ಎಂ.ಎಸ್ಸಿ. ಮಾಡೀರಂತ. ಆರತಿ ನೀರು ಹ್ಯಾಂಗ ಕೆಂಪ ಮಾಡ್ತಾರ? ಅರಿಷಿಣಕ್ಕ ಸುಣ್ಣಾ ಹಾಕಿದ್ರ ಕೆಂಪ ಆಗತೈತಿ ಅನ್ನೋದು ನಮ್ಮನ್ಯಾಗಿನ ಐದ ವರ್ಷದ ಕೂಸಿಗೂ ಗೊತ್ತೈತಿ. ನೀವು ಇಡೀ ಗಾಡಿಗೇ ಆರತಿ ಎತ್ತೀರಲ್ಲ!"

ನಾನು ಕಾರಿನ ಮೂತಿಗೆ ಕಟ್ಟಿದ್ದ ಲಿಂಬೆಹಣ್ಣಿಗೆ ಕೈ ಹಾಕಿದೆ. ಆಮ್ಲವೇ ಪರಿಹಾರ ಎಂಬಷ್ಟು ಓದು ಇನ್ನೂ ಉಳಿದಿತ್ತು.

"ಮುಟ್ಟಬ್ಯಾಡ್ರಿ! ಎರಡ ದಿನದ ದೃಷ್ಟಿ ಎಲ್ಲಾ ಅದ ಕುಡದೈತಿ!" ಎಂದು ಗಂಗಕ್ಕ ನನ್ನ ಕೈ ಹಿಡಿದೆಳೆದು, ಒಳಗಿನಿಂದ ಬೇರೆ ಎರಡು ತಂದುಕೊಟ್ಟರು. ರಸ ಹಿಂಡಿದ ನೀರಿನಲ್ಲಿ ಒರೆಸಿದ ಕೂಡಲೇ ಕೆಂಪು ಮಾಯವಾಯಿತು. ರಾಜೇಸಾಬರು "ಅರೆ ವಾ" ಅಂದರು. ಆದರೆ ಕೆಂಪು ಹೋದ ಜಾಗಕ್ಕೆ ಹಳದಿ ಬಂದು ಕುಳಿತಿತ್ತು. ಮೊದಲು ಹಸ್ತದಷ್ಟಿದ್ದ ಹಳದಿ ಈಗ ಇಡೀ ಬಾನೆಟ್ಟಿನಷ್ಟಾಗಿತ್ತು. ಮದುವೆಯ ಅರಿಷಿಣ ಮೆತ್ತಿಸಿಕೊಂಡ ಮದುಮಗನ ಹಾಗೆ ಕಾರು ನಾಚಿ ನಿಂತಿತ್ತು. ಗಂಟೆ ಏಳು. ಕೈಯಿಂದ ಕೀಲಿ ಜಾರಿಹೋಗುತ್ತಿರುವುದು, ಪಕ್ಕದ ಸೀಟಿನ ಹೆಣ್ಣುಮಗಳು ಸರಿದು ಜಾಗ ಮಾಡಿಕೊಡುತ್ತಿರುವುದು ನನ್ನ ಕಣ್ಣಿಗೆ ಕಟ್ಟಿತು. ಅಳು ಬಂತು. ಅದನ್ನೂ ಮರೆಯಲ್ಲಿ ಅಳಲು ಜಾಗವಿರಲಿಲ್ಲ.

"ಅದಕ್ಕ್ಯಾಕ ಅಳತೀರಿ?" ಅಂದರು ಗಂಗಕ್ಕ. "ಸೀರಿಗಿ ಅರಿಷಿಣ ಹತ್ತಿದ್ರ ಏನ ಮಾಡ್ತೀವಿ? ಬಿಸಲಿಗಿ ಹಾಕ್ತೀವಿ, ತಾನ ಹೋಗತೈತಿ. ಗಾಡಿ ಹೊರಗ ತಗೀರಿ."

ಹೊರಗೆ ಅಂದರೆ ಓಣಿಯ ನಟ್ಟನಡುವೆ. ಬೇವಿನಮರದ ನೆರಳು ಬೀಳದ ಜಾಗ ಅದೊಂದೇ. ಬೆಳಕಿಗೆ ಅರಿಷಿಣದ ಬಣ್ಣ ಒಡೆಯುತ್ತದೆ ಎಂಬುದು ನನ್ನ ಪುಸ್ತಕದಲ್ಲಿಯೂ ಇತ್ತು. ಆದರೆ ಅದಕ್ಕಾಗಿ ಅಪರಾಧಿಯೂ ಊರ ಮುಂದೆ ನಿಲ್ಲಬೇಕಾಗುತ್ತದೆ ಎಂದು ಅದರಲ್ಲಿ ಬರೆದಿರಲಿಲ್ಲ. ಕಾರನ್ನು ಹೊರತಂದು ಸೂರ್ಯನಿಗೆ ಮುಖ ಮಾಡಿ ನಿಲ್ಲಿಸಿದೆ. ಆಡುಗಳು ಬಂದು ಮೈ ಉಜ್ಜದಿರಲೆಂದು ಗಂಗಕ್ಕನವರ ಕಟ್ಟೆಯ ಮೇಲೆ ಛತ್ರಿ ಹಿಡಿದು ಕುಳಿತೆ. ಆ ಆರು ಗಂಟೆಗಳಲ್ಲಿ ಓಣಿಯ ಪ್ರತಿಯೊಬ್ಬರೂ ಒಮ್ಮೆ ಬಂದುಹೋದರು. "ಯಾರದ ಲಗ್ನಾರಿ?" ಎಂದು ಕೇಳಿದವರಿಗೆ ರಾಜೇಸಾಬರು ತಾವೇ ನಿಂತು ಮೊದಲಿನಿಂದ ಕಥೆ ಹೇಳಿದರು, ಪ್ರತಿಸಲವೂ ರಕ್ತ ಸ್ವಲ್ಪ ಹೆಚ್ಚಾಗುತ್ತಿತ್ತು. ಬಸ್ಸಿನಲ್ಲಿ ನಾಲ್ಕು ವರ್ಷಗಳಲ್ಲಿ ನಾನು ಕೊಡದ ಉತ್ತರಗಳನ್ನೆಲ್ಲ ಅಂದು ಒಂದೇ ಬೈಠಕ್ಕಿನಲ್ಲಿ ಕೊಟ್ಟೆ. ಮದುವೆಯ ವಿಷಯವೂ ಬಂತು. ಹತ್ತು ನಿಮಿಷಕ್ಕೊಮ್ಮೆ ಎದ್ದು ಹೋಗಿ ಬಾನೆಟ್ಟು ನೋಡುತ್ತಿದ್ದೆ. ಹಳದಿ ಮೊದಲು ಬೆಣ್ಣೆಯಾಯಿತು, ಆಮೇಲೆ ಕೆನೆಯಾಯಿತು. ಆದರೆ ಎಣ್ಣೆ ದಪ್ಪಗಿದ್ದ ಕಡೆ, ನಡುವೆ, ಐದು ಬೆರಳು ತೆಳ್ಳಗೆ ಉಳಿದುಬಿಟ್ಟವು.

ಅಪ್ಪ ಹೇಳಿದ ಸಮಯಕ್ಕೆ ಓಣಿಯ ತುದಿಯಲ್ಲಿ ಕಾಣಿಸಿದರು. ನನ್ನ ಕಡೆ ನೋಡಲೇ ಇಲ್ಲ. ಕನ್ನಡಕ ಬದಲಿಸಿ, ಗಡಿ ಸುತ್ತುವವರಂತೆ ಬಲಗಡೆಯಿಂದ ಕಾರಿನ ಸುತ್ತ ಹೊರಟರು. ಬಾಗಿಲಿನ ಅಂಚಿಗೆ ಬೆರಳೆಳೆದು ನೋಡಿದರು, ಧೂಳಿಲ್ಲ. ಬಾನೆಟ್ಟಿಗೆ ಬಂದು ನಿಂತರು. ಬಗ್ಗಿದರು. ಅಪ್ಪ ತಮ್ಮ ಕೈಯನ್ನು ಆ ಹಸ್ತದ ಮೇಲಿಟ್ಟು ಅಳತೆ ನೋಡಿ, ಅದು ಮಗಳ ಕೈಯದಲ್ಲ ಎಂದು ಖಾತ್ರಿ ಮಾಡಿಕೊಂಡು, ಹತ್ತಿರ ಬಂದರು.

"ಸೋಪ್ ಹಚ್ಚಿದ್ಯಾ?" ಬಹಳ ಮೆಲ್ಲಗೆ ಕೇಳಿದರು.

"ಹ್ಞೂಂ."

"ಕೆಂಪ ಆತು?"

ತಲೆ ಎತ್ತಿ ನೋಡಿದೆ. ಅಪ್ಪ ರಸ್ತೆಯ ಆಚೆ ಎಲ್ಲೋ ನೋಡುತ್ತಿದ್ದರು.

"ನಂದೂ ಆಗಿತ್ತು. ನಿಮ್ಮವ್ವ ಪೂಜಿ ಮಾಡಿದ ಮರುದಿನ. ನಿನಗ ಕೊಡೂ ಮುಂದ ಮೂರ ದಿನ ಬಿಸಲಾಗ ನಿಲ್ಲಿಸಿದ್ದೆ."

"ಟಾಯರ್ ಸಲುವಾಗಿ ಅಂದಿದ್ರಿ?"

"ನಿಮ್ಮವ್ವಗೂ ಹಾಂಗ ಹೇಳೇನಿ." ಅವರು ಕಿಸೆಯಿಂದ ಎರಡನೆಯ ಕೀಲಿಯನ್ನೂ ತೆಗೆದು ನನ್ನ ಕೈಯಲ್ಲಿಟ್ಟು, ಬೆರಳು ಮಡಚಿದರು. "ನಾ ಕೊಟ್ಟಾಂಗ ಐತಿ. ನಾ ಬಸ್ಸಿಗೇ ಹೋಗತೇನಿ. ಅವ್ವನ ಮುಂದ ಮಾತ್ರ ಏನೂ ಅನಬ್ಯಾಡ."

ಗುಟ್ಟು ಕಾಯುವುದರಲ್ಲಿ ನಾನು ಪಳಗಿದವಳು. ಅದು ಎಲ್ಲಿಂದ ಬಂದದ್ದೆಂದು ಅಂದು ತಿಳಿಯಿತು. ಅಪ್ಪ ಊರು ಮುಟ್ಟಿದ ಮೇಲೆ ಸಂಜೆ ಅವ್ವನ ಫೋನು ಬಂತು. ಊಟ ಆಯಿತೇ ಎಂದು ಕೇಳಿದಳು, ಗಂಗಕ್ಕನ ಮಂಡಿನೋವು ಹೇಗಿದೆ ಎಂದಳು. ಆಮೇಲೆ ಕೆಮ್ಮಿ, "ಮತ್ತ, ಟಾಯರಿಗಿ ಬಿಸಿಲು ಸಾಕಷ್ಟು ಹತ್ತೇತಿಲ್ಲೋ?" ಅಂದಳು.

ಫೋನಿನಲ್ಲಿ ಮುಖ ಕಾಣುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತು. ಆದರೂ ಉತ್ತರ ಕೊಡುವ ಮೊದಲು ಎದ್ದು ಹೋಗಿ ಕಿಟಕಿ ಹಾಕಿಕೊಂಡೆ.